ಚಪ್ಪಲಿಯ ಅಂಚು

ನಮ್ಮ ಭಾವ ಲಕ್ಷ್ಮೀನರಸಿಂಹಯ್ಯನವರು ಹದಿನೈದು ವರ್ಷ ನನ್ನ ಮಗಳ ಆಟವನ್ನು ಗೋಲಿ ಎಂದೇ ಕರೆದರು. ಹಬ್ಬಕ್ಕೆ ಬಂದರೆ ಕಾಲು ತೊಳೆಯುವ ಮೊದಲೇ ಕೇಳೋರು: "ಏನಮ್ಮಾ ಪ್ರಮೀಳಾ, ನಿನ್ನ ಮಗಳು ಗೋಲಿ ಆಡೋದು ಬಿಟ್ಳಾ, ಇನ್ನೂ ಇದೆಯಾ?" ಮನೆಯೆಲ್ಲ ನಗುತ್ತಿತ್ತು. ಹೂರಣದ ಉಂಡೆ ಕಟ್ಟುತ್ತಾ ನಾನೂ ನಗುತ್ತಿದ್ದೆ. ಗಂಡನ ಅಣ್ಣ ಒಂದು ಮಾತು ಹೇಳಿದರೆ ನಗದೆ ಇರುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವರಿಗೆ ಆಟವೇ ಗೊತ್ತಿಲ್ಲ ಅಂದರೆ ತಪ್ಪಾಗುತ್ತದೆ. ಒಂದು ಆಟ ಬಹಳ ಚೆನ್ನಾಗಿ ಗೊತ್ತು. ಸರ್ಕಾರಿ ಇಲಾಖೆಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಯಾರ ಮಗನಿಗೆ ಹಾಸ್ಟೆಲ್ ಸೀಟು ಬೇಕು, ಯಾರ ವರ್ಗಾವಣೆ ನಿಲ್ಲಬೇಕು, ಯಾರ ಫೈಲು ಮೇಲಿನ ಟೇಬಲ್ಲಿಗೆ ಹೋಗಬೇಕು, ಎಲ್ಲರೂ ಕ್ಯಾತ್ಸಂದ್ರದ ಅವರ ಮನೆ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಭಾವ ಕಾಫಿ ಕುಡಿಯುತ್ತಾ ಎರಡು ಫೋನ್ ಮಾಡುತ್ತಿದ್ದರು. ಕೆಲಸ ಆದರೆ ತಮ್ಮಿಂದ ಆಯಿತು ಅನ್ನುತ್ತಿದ್ದರು. ಆಗದಿದ್ದರೆ ಕಾಲ ಕೆಟ್ಟಿದೆ ಅನ್ನುತ್ತಿದ್ದರು. ತಾನಾಗಿಯೇ ಆಗಬೇಕಿದ್ದ ಕೆಲಸಗಳೂ ಅವರ ಹೆಸರಿಗೇ ಸೇರಿಹೋದವು.

ನನ್ನ ಗಂಡ ಗುರುಪ್ರಸಾದ್ ಅವರ ತಮ್ಮ. ಗುಬ್ಬಿಯಲ್ಲಿ ಮೋಟಾರು, ಪಂಪ್‌ಸೆಟ್ಟಿನ ಅಂಗಡಿ. ನಾವಿರುವುದು ತುಮಕೂರಿನ ಸದಾಶಿವನಗರದಲ್ಲಿ. ಕುಣಿಗಲ್ ಆಚೆ, ತೆಂಗಿನ ತೋಟಗಳನ್ನು ಕೊಂಡು ಯಾರೋ ರೆಸಾರ್ಟು, ಗಾಲ್ಫ್ ಮೈದಾನ ಮಾಡಿದಾಗ ಅಲ್ಲಿನ ಪಂಪುಗಳ ಕೆಲಸ ಇವರಿಗೆ ಬಂತು. ಭಾನುವಾರ ಒಂಬತ್ತು ವರ್ಷದ ಅಪರ್ಣಾಳನ್ನೂ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಇವರು ಪಂಪ್‌ಹೌಸಿನಲ್ಲಿ ಗ್ರೀಸ್ ಬಳಿದುಕೊಂಡಿರುವಾಗ ಅವಳು ಪೊದೆಗಳಲ್ಲಿ ಕಳೆದುಹೋದ ಬಾಲ್‌ಗಳನ್ನು ಹೆಕ್ಕುತ್ತಿದ್ದಳು. ಅಲ್ಲಿನ ಕ್ಯಾಡಿ ಅಡವಿಯಪ್ಪ, ಅಂದರೆ ಆಟಗಾರರ ಕ್ಲಬ್ ಎಂಬ ಕೋಲುಗಳ ಚೀಲ ಹೊರುವವರು, ಮುರಿದ ಒಂದು ಕ್ಲಬ್ಬನ್ನು ಅವಳ ಎತ್ತರಕ್ಕೆ ಕತ್ತರಿಸಿ, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ಕೊಟ್ಟರು. ಬೇಸಿಗೆ ರಜೆಯಲ್ಲಿ ನಮ್ಮ ಮಾವನವರ ಊರು ಕಡಬದಲ್ಲಿ, ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಹೊಡೆಯುತ್ತಿದ್ದಳು. ಗಟ್ಟಿ ಮಣ್ಣಿನ ಮೇಲೆ ಸ್ವಲ್ಪ ತಪ್ಪಿದರೂ ಮಣಿಕಟ್ಟು ಝುಮ್ಮೆನ್ನುತ್ತದೆ. ಅವಳ ಹೊಡೆತ ಇಷ್ಟು ಸ್ವಚ್ಛ ಯಾಕೆ ಎಂದು ಆಮೇಲೆ ಬೆಂಗಳೂರಿನ ಕೋಚುಗಳು ಆಶ್ಚರ್ಯಪಟ್ಟರು. ಹುಲ್ಲೇ ಇಲ್ಲದ ಕಡೆ ಕಲಿತವಳು ಎಂದರೆ ನಂಬಲಿಲ್ಲ.

ಇಪ್ಪತ್ತೊಂದಕ್ಕೆ ಪ್ರೊಫೆಷನಲ್ ಆದಳು. ಅಂದರೆ ಆಟವೇ ಕಸುಬು, ಗೆದ್ದರೆ ಅನ್ನ. ಭಾವ ಕೇಳಿ, "ಓ, ಸರ್ಕಸ್‌ನವರ ಥರ" ಅಂದರು. ಆರು ವರ್ಷ ಅವಳು ಚಂಡೀಗಢ, ಕೋಲ್ಕತ್ತ, ಹೈದರಾಬಾದ್ ಅಂತ ಚೀಲ ಹೊತ್ತು ತಿರುಗಿದಳು. ಎರಡು ಸಲ ಗೆದ್ದಳು. ಇಪ್ಪತ್ತು ಸಲ ಎರಡನೇ ದಿನವೇ ಹೊರಬಿದ್ದು ರೈಲು ಹತ್ತಿದಳು. ಹೆಣ್ಣು ನೋಡಲು ಬಂದವರೊಬ್ಬರು, "ಮದುವೆ ಆದ್ಮೇಲೆ ಇದೆಲ್ಲ ಇರೋಲ್ಲ ತಾನೆ?" ಅಂದಾಗ ಅವಳು, "ನಿಮ್ಮ ಮಗ ಬ್ಯಾಂಕಿಗೆ ಹೋಗೋದು ಬಿಡ್ತಾರಾ?" ಅಂತ ಕೇಳಿದ್ದಳು. ಅವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಎರಡನೇ ಸಲ ಗೆದ್ದಾಗ ಪೇಪರಿನಲ್ಲಿ ಫೋಟೋ ಬಂತು. ಅವತ್ತೇ ಗೋಲಿ ಹೋಗಿ ಗಾಲ್ಫ್ ಆಯಿತು. "ನಮ್ಮ ಮನೆತನದ ಕೀರ್ತಿ, ಚಿಕ್ಕಂದಿನಿಂದ ನಾನೇ ಪ್ರೋತ್ಸಾಹ ಕೊಟ್ಟ ಹುಡುಗಿ" ಎಂದು ಭಾವ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಅರವತ್ತು ಜನ ಕೈ ಮುಗಿದರು. ನಾನೂ ಮುಗಿದೆ. ಬೆರಳಿಗೆ ಏನು ಖರ್ಚು?

ಆದರೆ ಈ ವರ್ಷ ಅವಳಿಗೆ ಚೆನ್ನಾಗಿರಲಿಲ್ಲ. ವರ್ಷದ ಕೊನೆಯ ಪಂದ್ಯ ಕುಣಿಗಲ್ಲಿನ ಅದೇ ಮೈದಾನದಲ್ಲಿ, ಮೂರು ದಿನ. ಇದರಲ್ಲಿ ಮೊದಲ ಹತ್ತರೊಳಗೆ ಬಂದರೆ ಮುಂದಿನ ವರ್ಷವೂ ಆಡುವ ಅರ್ಹತೆ ಉಳಿಯುತ್ತದೆ. ಇಲ್ಲದಿದ್ದರೆ ಜನವರಿಯಲ್ಲಿ, ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿಯರ ಜೊತೆ ಅರ್ಹತಾ ಸುತ್ತಿನಲ್ಲಿ ಮತ್ತೆ ಮೊದಲಿನಿಂದ.

"ಅದಕ್ಕೆ ನಾನು ಹೋಗಲ್ಲಮ್ಮ," ಎಂದಿದ್ದಳು ಹಿಂದಿನ ವಾರ, ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ. "ಇಪ್ಪತ್ತೇಳಾಯ್ತು. ಬೆಂಗಳೂರಲ್ಲಿ ಒಂದು ಸ್ಕೂಲಲ್ಲಿ ಕೋಚ್ ಕೆಲಸ ಇದೆಯಂತೆ. ಹತ್ತರೊಳಗೆ ಬಂದ್ರೆ ಆಟ. ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿಬಿಡ್ತೀನಿ."

ಅವಳ ಬೆರಳುಗಳನ್ನು ನೋಡಿದೆ. ಅಂಗೈಯಲ್ಲಿ ಕಾಯಿಕಟ್ಟಿದ ಜಾಗಕ್ಕೆ ಅವರೆಯ ಸೊಗಡು ಅಂಟಿತ್ತು.

ಪಂದ್ಯದ ಮೂರನೇ ದಿನ ಬೆಳಿಗ್ಗೆ ಮೈದಾನದ ಮುಂದೆ ಟೆಂಪೋ ಟ್ರಾವೆಲರ್ ಬಂತು. ಅದರಿಂದ ಭಾವ ಇಳಿದರು, ಅವರ ಹೆಂಡತಿ ರಾಧಮ್ಮಕ್ಕ ಇಳಿದರು, ಆಮೇಲೆ ಕ್ಯಾತ್ಸಂದ್ರದ ಹದಿನೈದು ಜನ ಇಳಿದರು. ಜರಿ ಪೇಟ, ಶಾಲು, ಹಣ್ಣಿನ ಬುಟ್ಟಿ, ಎರಡು ಹಾರ. ಕೊನೆಗೆ ಸುತ್ತಿದ ಒಂದು ಫ್ಲೆಕ್ಸು. ಬಿಚ್ಚಿ ತೋರಿಸಿದರು: ಎಡಕ್ಕೆ ಅಪರ್ಣ, ಬಲಕ್ಕೆ ಅವಳಿಗಿಂತ ದೊಡ್ಡದಾಗಿ ಭಾವ, ನಡುವೆ ಕೆಂಪಕ್ಷರದಲ್ಲಿ 'ಚಾಂಪಿಯನ್'.

"ಭಾವ, ಇನ್ನೂ ಆಟ ಮುಗಿದಿಲ್ಲ," ಎಂದೆ.

"ಮುಗಿದ್ಮೇಲೆ ಪ್ರಿಂಟ್ ಹಾಕಿಸೋಕಾಗುತ್ತಾ? ಮೊದಲೇ ರೆಡಿ ಇರ್ಬೇಕಮ್ಮ."

"ಅವಳು ಗೆಲ್ಲೋ ಲೆಕ್ಕದಲ್ಲಿಲ್ಲ. ಹತ್ತರೊಳಗೆ ಬಂದ್ರೆ ಸಾಕು."

"ಅದನ್ನೆಲ್ಲ ಫ್ಲೆಕ್ಸಲ್ಲಿ ಬರೆಯೋಕಾಗುತ್ತಾ?"

ಮೈದಾನದಲ್ಲಿ ಅವರು ಮಾಡಿದ ಉಪಕಾರಗಳು ಒಂದೆರಡಲ್ಲ. ಅಪರ್ಣ ಉಸಿರು ಬಿಗಿಹಿಡಿದು ಬಾಲನ್ನು ಕುಳಿಗೆ ತಳ್ಳುವಾಗ ಭಾವನ ಫೋನು ಸುಪ್ರಭಾತ ಹಾಡಿತು. ಹುಲ್ಲನ್ನು ಕೂದಲಿನಂತೆ ಬಾಚಿಟ್ಟ ಜಾಗದಲ್ಲಿ ರಾಧಮ್ಮಕ್ಕ ಜಮಖಾನ ಹಾಸಿ ಪುಳಿಯೋಗರೆ ಡಬ್ಬಿ ತೆಗೆದರು. ಓಡಿಬಂದ ಕಾವಲುಗಾರನಿಗೂ ಒಂದು ತಟ್ಟೆ ಹಾಕಿದರು. ಅವನು ನಿಂತುಕೊಂಡೇ ತಿಂದ, ಆಮೇಲೆ ಎಬ್ಬಿಸಿದ. ಬೋರ್ಡಿನಲ್ಲಿ ಅಪರ್ಣಾಳ ಹೆಸರಿನ ಮುಂದೆ ಮೈನಸ್ ಎರಡು ಇರುವುದು ಕಂಡು ಭಾವ ಗಾಬರಿಯಾದರು. ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿವರಿಸಿದೆ. "ಹಾಗಾದ್ರೆ ಆಡದೇ ಇದ್ದರೆ ಇನ್ನೂ ಒಳ್ಳೇದು," ಅಂದರು. ಕ್ಯಾತ್ಸಂದ್ರ ನಕ್ಕಿತು.

ನನ್ನ ಗಂಡ ಮಾತ್ರ ಪಂಪ್‌ಹೌಸಿನಲ್ಲಿ ಕೂತಿದ್ದರು. ಮಗಳ ಆಟವನ್ನು ಇವರು ಇವತ್ತಿಗೂ ಕಣ್ಣಾರೆ ನೋಡಿಲ್ಲ, ಎದೆ ತಡೆಯುವುದಿಲ್ಲವಂತೆ. ಯಾವ ಕೆಟ್ಟ ಮೋಟಾರಿನ ಮುಂದೆಯೂ ಇಷ್ಟು ಹೆದರಿದವರಲ್ಲ.

ಹದಿನೆಂಟು ಹೋಲ್‌ಗಳಲ್ಲಿ ಹದಿನಾರು ಮುಗಿದವು. ಅಪರ್ಣ ಒಂಬತ್ತನೇ ಸ್ಥಾನದಲ್ಲಿದ್ದಳು. ಉಳಿದ ಎರಡನ್ನೂ ನಿಗದಿಯಾದಷ್ಟೇ ಹೊಡೆತಗಳಲ್ಲಿ ಮುಗಿಸಿದರೆ ಸಾಕಿತ್ತು. ಹದಿನೇಳನೆಯದರಲ್ಲಿ ಅವಳ ಮೊದಲ ಹೊಡೆತ ಬಲಕ್ಕೆ ಜಾರಿತು. ಹಳೇ ತೋಟದ ನೆನಪಿಗೆ ಅಂದಕ್ಕೆಂದು ಉಳಿಸಿಕೊಂಡ ತೆಂಗಿನ ಮರಗಳ ಸಾಲಿನೊಳಗೆ ಹೋಗಿ ಬಿತ್ತು.

ನಮ್ಮ ಹೆಣ್ಣುಮಕ್ಕಳ ಪಂದ್ಯಕ್ಕೆ ಬರುವವರೇ ನಾಲ್ಕು ಜನ. ಹಗ್ಗ, ಕಾವಲು ಏನೂ ಇರುವುದಿಲ್ಲ. ನಾನು ಯಾವಾಗಲೂ ಮರಗಳ ಬದಿಯಲ್ಲೇ ನಡೆಯುತ್ತೇನೆ, ಬಾಲ್ ಎಲ್ಲಿ ಬಿತ್ತೆಂದು ನೋಡಿಕೊಳ್ಳಲು. ಆ ಹೊತ್ತಿಗೆ ನನಗಿಂತ ಮುಂದೆ ಭಾವ ಇದ್ದರು. ಬಾಲ್ ಒಂದು ತೆಂಗಿನ ಬುಡಕ್ಕೆ ಅಂಟಿಕೊಂಡು, ಬೇರುಗಳ ನಡುವೆ ಕೂತಿತ್ತು. ಮುಂದಕ್ಕೆ ಹೊಡೆಯುವಂತೆಯೇ ಇರಲಿಲ್ಲ. ಭಾವ ಅದನ್ನು ನೋಡಿದರು. ಹಿಂದೆ ನೋಡಿದರು. ಅಪರ್ಣ, ಅವಳ ಚೀಲ ಹೊತ್ತ ಅಡವಿಯಪ್ಪ ಇನ್ನೂ ದೂರದಲ್ಲಿದ್ದರು. ಭಾವ ಕಾಲಿನಿಂದ ಬಾಲನ್ನು ತಳ್ಳಿದರು. ಅದು ಬೇರಿಗೆ ತಗಲಿ ವಾಪಸ್ ಬಂತು. ಆಗ ಪಂಚೆ ಎತ್ತಿ ಹಿಡಿದು, ಚಪ್ಪಲಿಯ ಅಂಚಿನಿಂದ, ಮಗುವಿನ ಬಾಯಿ ಒರೆಸುವಷ್ಟು ನಾಜೂಕಾಗಿ ಇನ್ನೊಮ್ಮೆ ತಳ್ಳಿದರು. ಬಾಲ್ ಎರಡು ಗೇಣು ಉರುಳಿ ಸಮತಟ್ಟಾದ ಹುಲ್ಲಿನ ಮೇಲೆ ನಿಂತಿತು.

ತಲೆ ಎತ್ತಿದಾಗ ಅವರಿಗೆ ನಾನು ಕಂಡೆ.

"ನೀನೇನೂ ನೋಡಿಲ್ಲ ಬಿಡಮ್ಮ," ಎಂದರು, ಮೆಲ್ಲಗೆ. ನಗುತ್ತಿದ್ದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಪರ್ಣ ಬಂದಳು. ಬಾಲ್ ನೋಡಿ ಮುಖ ಅರಳಿತು. "ಅಬ್ಬಾ, ಮರಕ್ಕೆ ಹೊಡೀತು ಅಂದ್ಕೊಂಡಿದ್ದೆ ಕಣಮ್ಮ. ಎಷ್ಟು ಚೆನ್ನಾಗಿ ಕೂತಿದೆ!" ಚೀಲದಿಂದ ಒಂದು ಕ್ಲಬ್ ತೆಗೆದಳು. ದೂರ ಲೆಕ್ಕ ಹಾಕಿ ಅದನ್ನು ಒಳಗಿಟ್ಟು ಇನ್ನೊಂದು ತೆಗೆದಳು, ಅದನ್ನೂ ಇಟ್ಟು ಮತ್ತೊಂದು ತೆಗೆದಳು.

ಈ ಆಟದ ನಿಯಮ ನನಗೆ ಗೊತ್ತು. ಅಷ್ಟು ವರ್ಷ ಅವಳಿಗೆ ಪ್ರಶ್ನೆ ಕೇಳಿ ಬಾಯಿಪಾಠ ಮಾಡಿಸಿದವಳೇ ನಾನು. ಬೇರೆಯವರು ಬಾಲ್ ಸರಿಸಿದ್ದು ಅವಳಿಗೆ ಗೊತ್ತಿಲ್ಲದಿದ್ದರೆ ಅವಳದು ತಪ್ಪಲ್ಲ. ಇದ್ದಲ್ಲಿಂದಲೇ ಆಡಬಹುದು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ನಿರಪರಾಧಿ, ಭಾವ ಉಪಕಾರಿ, ಮನೆಯೆಲ್ಲ ನೆಮ್ಮದಿ. ನಾನು ಹೇಳಿದರೆ ಬಾಲ್ ಬೇರಿನ ಸಂದಿಗೆ ವಾಪಸ್, ಒಂದು ಹೊಡೆತ ಖಂಡಿತ ನಷ್ಟ, ಅವಳ ಆಟ ಬಹುಶಃ ಇಲ್ಲಿಗೇ ಕೊನೆ. ಯಾವ ತಾಯಿ ಬಾಯಿ ಬಿಡುತ್ತಾಳೆ? ಅವಳು ಹದಿನಾಲ್ಕು ವರ್ಷದವಳಿದ್ದಾಗ, ಹೊಡೆಯುವ ಮೊದಲೇ ಬಾಲ್ ಕೂದಲೆಳೆಯಷ್ಟು ಅಲುಗಿತೆಂದು ತಾನೇ ಹೇಳಿ, ದಂಡ ತೆತ್ತು, ಒಂದು ಕಪ್ ಕಳೆದುಕೊಂಡಿದ್ದಳು. "ಯಾರೂ ನೋಡಿರ್ಲಿಲ್ವಲ್ಲೇ ಪೆದ್ದಿ" ಎಂದು ನಾನು ಬೈದಿದ್ದೆ. ಎರಡು ದಿನ ನನ್ನ ಜೊತೆ ಮಾತಾಡಿರಲಿಲ್ಲ.

ಭಾವನನ್ನು ನೋಡಿದೆ. ಇಂಥ ಎರಡೆರಡು ಗೇಣಿನ ತಳ್ಳುವಿಕೆಯ ಮೇಲೆ ಅವರ ಅರವತ್ತು ವರ್ಷ ನಿಂತಿದೆ ಅನ್ನಿಸಿತು. ಈಗ ಇವಳ ಹದಿನೆಂಟು ವರ್ಷವೂ ಅವರ ಚಪ್ಪಲಿಯ ಲೆಕ್ಕಕ್ಕೆ ಹೋಗುತ್ತದೆ. ಗೆದ್ದರೆ ಸಾಯುವವರೆಗೂ ನನ್ನನ್ನು ನೋಡಿ ಹೀಗೇ ನಗುತ್ತಾರೆ. ಕೆರೆಯಂಗಳದ ಬಿಸಿಲಲ್ಲಿ ಅವಳ ಮಣಿಕಟ್ಟು ಊದಿದ್ದು ಭಾವನ ಚಪ್ಪಲಿಗಾಗಿ ಅಲ್ಲ.

ಅಪರ್ಣ ಹೊಡೆಯಲು ಕಾಲು ಅಗಲಿಸಿ ನಿಂತಳು.

"ಅಪ್ಪೀ, ತಡಿ. ಬಾಲ್ ಅಲ್ಲಿರ್ಲಿಲ್ಲ."

ಅವಳು ಹಾಗೇ ನಿಂತಳು. "ಎಲ್ಲಿತ್ತು?"

ಬುಡ ತೋರಿಸಿದೆ.

"ಯಾರು ಸರಿಸಿದ್ದು?"

ಭಾವ ಆಕಾಶ ನೋಡಿದರು. ಅಷ್ಟು ಸಾಕಾಯಿತು ಅವಳಿಗೆ. ಕೈ ಎತ್ತಿ ರೆಫರಿಯನ್ನು ಕರೆದಳು. ಪುಟ್ಟ ಬ್ಯಾಟರಿ ಗಾಡಿಯಲ್ಲಿ ಟೋಪಿ ಹಾಕಿದ ಹೆಂಗಸೊಬ್ಬರು ಬಂದರು, ಬೆಂಗಳೂರಿನವರು. ಗಾಡಿ ಕಂಡು ಕ್ಯಾತ್ಸಂದ್ರವೆಲ್ಲ ಸುತ್ತ ಸೇರಿತು.

"ಸಾರ್, ನೀವು ಬಾಲ್ ಮುಟ್ಟಿದ್ರಾ?"

"ನಾನ್ಯಾಕಮ್ಮ ಮುಟ್ಲಿ? ಅದರ ಹತ್ರಾನೇ ಹೋಗಿಲ್ಲ. ಪ್ರಮೀಳಾ, ಬೆಳಿಗ್ಗೆಯಿಂದ ಬಿಸಿಲಲ್ಲಿದೀಯ. ಸರಿಯಾಗಿ ನೋಡ್ಲಿಲ್ಲ ಅಂತ ಹೇಳ್ಬಿಡು, ಪಾಪ ಅವರಿಗೂ ಲೇಟಾಗ್ತಿದೆ."

ರೆಫರಿ ನನ್ನ ಕಡೆ ತಿರುಗಿದರು. ಹದಿನೈದು ಜನವೂ ತಿರುಗಿದರು. ರಾಧಮ್ಮಕ್ಕ ನನ್ನ ಸೆರಗು ಹಿಡಿದು, "ಬೇಡ ಕಣೇ," ಅಂದರು. ಮದುವೆಯಾಗಿ ಬಂದಾಗಿನಿಂದ ನಾನು ಭಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ.

"ಎರಡು ಸಲ ತಳ್ಳಿದ್ರಿ ಭಾವ," ಎಂದೆ. "ಮೊದಲನೇ ಸಲ ಬೇರಿಗೆ ತಗಲಿ ವಾಪಸ್ ಬಂತು. ಆಮೇಲೆ ಪಂಚೆ ಎತ್ಕೊಂಡು ಚಪ್ಪಲಿ ಅಂಚಲ್ಲಿ ತಳ್ಳಿದ್ರಿ. 'ನೀನೇನೂ ನೋಡಿಲ್ಲ' ಅಂತ ನನಗೆ ಹೇಳಿದ್ರಿ."

ಅಡವಿಯಪ್ಪ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದರು. "ಬಾಲ್ ಕುಂತಿದ್ದ ಗುರ್ತು ಇಲ್ಲೈತೆ ಮೇಡಂ. ಪಕ್ದಾಗೆ ಚಪ್ಲಿದೂ ಐತೆ. ಗಾಡಿ ಬರಾಕೆ ಮುಂಚೆ ಈ ಮರದ ತಾವ ಚಪ್ಲಿ ಹಾಕ್ಕಂಡು ಬಂದವ್ರು ಒಬ್ರೇಯ."

"ಆಯ್ತು ಬಿಡಿ, ತಳ್ಳಿದೆ ಅಂತಾನೇ ಇಟ್ಕೊಳ್ಳಿ!" ಭಾವನ ದನಿ ಎತ್ತರಕ್ಕೇರಿತು. "ಕೊಲೆ ಮಾಡಿದ್ನಾ? ಎರಡು ಗೇಣು. ನಮ್ಮ ಹುಡುಗಿಗೆ ನಾವು ಮಾಡ್ದೆ ಇನ್ಯಾರು ಮಾಡ್ತಾರೆ? ಹೆತ್ತ ತಾಯಿಗೇ ಬೇಡವಾದ್ರೆ ನಾನ್ಯಾರು?"

"ದೊಡ್ಡಪ್ಪ, ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದಳು ಅಪರ್ಣ. "ನೀವು ನಿಂತಿರೋ ಕಡೆಗೇ ನಾನು ಹೊಡೀಬೇಕು."

ದಂಡವೇನೂ ಬೀಳಲಿಲ್ಲ. ಬಾಲನ್ನು ಬೇರಿನ ಸಂದಿಯಲ್ಲಿ ಮತ್ತೆ ಇಟ್ಟರು. ಅಲ್ಲಿಂದ ಅವಳು ಮಾಡಬಹುದಾಗಿದ್ದದ್ದು ಒಂದೇ, ಅಡ್ಡಕ್ಕೆ ತಳ್ಳಿ ಬಯಲಿಗೆ ಬರುವುದು. ತಳ್ಳಿದಳು. ಆ ಹೋಲ್‌ನಲ್ಲಿ ಒಂದು ಹೊಡೆತ ಹೆಚ್ಚಾಯಿತು. ಕೊನೆಯದರಲ್ಲಿ ಒಂದು ಉಳಿಸಬೇಕಿತ್ತು. ಎಂಟು ಅಡಿ ದೂರದಿಂದ ತಳ್ಳಿದ ಬಾಲ್ ಕುಳಿಯ ಅಂಚನ್ನು ಸುತ್ತಿ ಹೊರಗೇ ನಿಂತಿತು. ಅವಳು ಅದನ್ನು ಒಂದು ಕ್ಷಣ ನೋಡಿದಳು, ಒಳಗೆ ಹಾಕಿದಳು, ಜೊತೆ ಆಡಿದವರ ಕೈ ಕುಲುಕಿದಳು. ಲೆಕ್ಕದ ಚೀಟಿಗೆ ಸಹಿ ಹಾಕಲು ಡೇರೆಯೊಳಗೆ ಹೋದಳು.

ಹನ್ನೊಂದನೇ ಸ್ಥಾನ.

ನಾನು ಅಲ್ಲೇ ನಿಂತಿದ್ದೆ. ಅಡವಿಯಪ್ಪ ಕ್ಲಬ್‌ಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದರು.

ಆದರೆ ಹಾರ ತಂದಾಗಿತ್ತು. ತಂದ ಹಾರವನ್ನು ಯಾರ ಕೊರಳಿಗಾದರೂ ಹಾಕದೆ ವಾಪಸ್ ಒಯ್ಯುವ ಪದ್ಧತಿ ನಮ್ಮ ಭಾವನಿಗಿಲ್ಲ. ಅಪರ್ಣ ಹೊರಗೆ ಬಂದದ್ದೇ, "ಬಾ ಮಗಳೇ, ಆಗಿದ್ದಾಯ್ತು, ಫೋಟೋಗೆ ನಿಲ್ಲು" ಎಂದು ಪೇಟ ಎತ್ತಿದರು. ಹಿಂದೆ ಇಬ್ಬರು ಫ್ಲೆಕ್ಸ್ ಹಿಡಿದು ನಿಂತಿದ್ದರು.

"ದೊಡ್ಡಪ್ಪ, ಅದರಲ್ಲಿ ಹನ್ನೊಂದನೆಯವಳು ಅಂತ ಬರೆಸಿ. ನಿಲ್ತೀನಿ."

"ಹನ್ನೊಂದಕ್ಕೆ ಯಾರಮ್ಮ ಪೇಟ ಹಾಕ್ತಾರೆ?"

"ಅದಕ್ಕೇ."

ಅವಳು ಹೊರಟು ಹೋದಳು. ಭಾವ ಪೇಟ ಹಿಡಿದುಕೊಂಡು ಒಂದು ನಿಮಿಷ ನಿಂತರು. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಪಂದ್ಯ ಗೆದ್ದದ್ದು ಚಂಡೀಗಢದ ಹತ್ತೊಂಬತ್ತರ ಹುಡುಗಿ. ಕಪ್ ಹಿಡಿದು ಅವರಮ್ಮನಿಗೆ ಫೋನ್ ಮಾಡುತ್ತಿದ್ದಳು. ಭಾವ ಹೋಗಿ ಅವಳ ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಎರಡೂ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಕೈ ಸಾಲದೆ ಆ ಹುಡುಗಿ ಫೋನನ್ನು ಅನಾನಸಿನ ಪಕ್ಕ ಬುಟ್ಟಿಯಲ್ಲೇ ಇಟ್ಟಳು, ಅದರೊಳಗಿಂದ ಅವರಮ್ಮ "ಹಲೋ ಹಲೋ" ಅನ್ನುತ್ತಿದ್ದರು. ಫ್ಲೆಕ್ಸಿನಲ್ಲಿ ಅಪರ್ಣಾಳ ಮುಖವಿದ್ದ ಭಾಗವನ್ನು ಹಿಂದಕ್ಕೆ ಮಡಿಸಿದರು. 'ಚಾಂಪಿಯನ್' ಉಳಿಯಿತು, ಭಾವ ಉಳಿದರು. ಫೋಟೋ ಅರ್ಧ ಗಂಟೆಯೊಳಗೆ ಕುಟುಂಬದ ಗುಂಪಿಗೆ ಬಂತು: "ನಮ್ಮ ನೆಲದಲ್ಲಿ ಗೆದ್ದ ಕ್ರೀಡಾಪಟುವಿಗೆ ಆತ್ಮೀಯ ಸನ್ಮಾನ." ನಲವತ್ತೆರಡು ಜನ ಕೈ ಮುಗಿದರು.

ಕಾರಿನಲ್ಲಿ ಇವರು ಮುಂದೆ, ನಾವಿಬ್ಬರೂ ಹಿಂದೆ ಕೂತೆವು. ಪಂಪ್‌ಹೌಸಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಅಣ್ಣನ್ನ ಅಷ್ಟು ಜನದ ಮುಂದೆ..." ಎಂದು ಇವರು ಶುರುಮಾಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕಾರು ಓಡಿಸಿದರು.

ಹೆಬ್ಬೂರು ಬಂತು. ಅಪರ್ಣ ಕಿಟಕಿಗೆ ತಲೆ ಆನಿಸಿದ್ದಳು. ಅವಳು ಅತ್ತರೆ ಏನು ಹೇಳಬೇಕು ಅಂತ ನಾನು ಯೋಚಿಸುತ್ತಿದ್ದೆ. ಅವಳು ಅಳಲಿಲ್ಲ.

"ಅಮ್ಮ, ಹೇಳೋಕೆ ಎಷ್ಟೊತ್ತು ತಗೊಂಡೆ?"

ಸುಳ್ಳು ಹೇಳಬಹುದಿತ್ತು. "ನೀನು ಕ್ಲಬ್ ಆರಿಸೋವಷ್ಟು."

"ಅಷ್ಟೊತ್ತಾ? ನಾನು ಎರಡು ಸಲ ಬದಲಾಯಿಸಿದ್ನಲ್ಲ!"

"ಹೂಂ. ಎರಡು ಸಲಾನೂ ಸುಮ್ಮನೇ ಇದ್ದೆ."

ಅವಳು ತಿರುಗಿ ನನ್ನನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ನನ್ನ ಭುಜಕ್ಕೆ ತಲೆ ಇಟ್ಟಳು. ಕೂದಲಿನಲ್ಲಿ ಬೆವರು, ಹುಲ್ಲು, ಸನ್‌ಸ್ಕ್ರೀನ್ ವಾಸನೆ.

"ಆ ಎಂಟು ಅಡೀದು ಒಳಗೆ ಹೋಗ್ಬೇಕಿತ್ತಮ್ಮ. ಅದಕ್ಕೆ ದೊಡ್ಡಪ್ಪನೂ ಕಾರಣ ಅಲ್ಲ, ನೀನೂ ಅಲ್ಲ. ಸ್ವಲ್ಪ ಬಲಕ್ಕೆ ಎಳೆದೆ. ಅದು ಸರಿಮಾಡ್ಕೋಬಹುದು." ಕಾಲು ಮಡಿಸಿ ಸೀಟಿನ ಮೇಲಿಟ್ಟುಕೊಂಡಳು. "ಜನವರಿಗೆ ಹೋಗ್ತೀನಿ. ಆ ಚಿಕ್ಕ ಹುಡುಗೀರು ಆಂಟಿ ಅಂತಾರೆ. ಅನ್ನಲಿ."

"ನಾನೂ ಬರ್ಲಾ?"

"ಬಾ. ಮರದ ಬದಿಯಲ್ಲೇ ನಡಿ."

ಮುಂದಿನಿಂದ ಇವರು ಮೆಲ್ಲಗೆ ಕೇಳಿದರು, "ಅಣ್ಣನೂ ಬರ್ತೀನಿ ಅಂದ್ರೆ?"

"ಬರಬೇಡಿ ಅಂತ ನಾನೇ ಹೇಳ್ತೀನಿ," ಎಂದೆ.

ಇವರು ಗೇರು ಬದಲಾಯಿಸಿದರು.